ಅರಣ್ಯಕಾಂಡ, ಏಳನೆಯ ಅಧ್ಯಾಯ

೧೨ ಜನವರಿ ೨೦೨೫, ಭಾನುವಾರ

ಚೀಟಿಯಲ್ಲಿ ನನಗೆ ಬಂದದ್ದು ಬೈಬಲಿನ ಅರಣ್ಯಕಾಂಡದ ಏಳನೆಯ ಅಧ್ಯಾಯ. ಎಂಬತ್ತೊಂಬತ್ತು ವಚನಗಳು.

ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರಾದ ಕೆಂಪರಾಜು ಅವರು ಸುಗ್ಗಿಯ ಕಾಣಿಕೆಯ ಮಂಕರಿಯನ್ನು ವೇದಿಕೆಯ ಮುಂದೆ ಇರಿಸಿ, ಮನೆಗೊಬ್ಬರಂತೆ ಬಂದು ಚೀಟಿ ಎತ್ತಬೇಕೆಂದು ಕೇಳಿಕೊಂಡರು. ಮಂಡ್ಯ, ಮದ್ದೂರು, ಮಳವಳ್ಳಿ ಮೊದಲಾದೆಡೆಯ ಸಭೆಗಳು ಕೂಡಿ ಇಡೀ ಸತ್ಯವೇದವನ್ನು ಕೈಯಿಂದ ಬರೆದು, ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರದಂದು ಸಮರ್ಪಿಸಬೇಕೆಂದು ನಿಶ್ಚಯವಾಗಿದೆ. ಮಳವಳ್ಳಿಯವರಾದ ನಮ್ಮ ಪಾಲಿಗೆ ಅರಣ್ಯಕಾಂಡವೂ ಕೀರ್ತನೆಗಳಲ್ಲಿ ಮೊದಲ ನಲವತ್ತೊಂದೂ ಬಂದಿವೆ. ಬರೆದ ಹಾಳೆಗಳನ್ನು ನೋಡಿ ಒಪ್ಪುವ ಹೊಣೆಯನ್ನು, ಮೂವತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆನೆಂಬ ಕಾರಣಕ್ಕೆ, ನನಗೆ ಒಪ್ಪಿಸಿದ್ದಾರೆ. ನಿಯಮಗಳನ್ನು ನಾನೇ ರಚಿಸಿ ಫಲಕಕ್ಕೆ ಅಂಟಿಸಿದ್ದೇನೆ. ಅಕ್ಷರವು ಸ್ಪಷ್ಟವಾಗಿರತಕ್ಕದ್ದು. ಸಾಲು ಬಾಗತಕ್ಕದ್ದಲ್ಲ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ದೋಷಗಳಿದ್ದಲ್ಲಿ ಹಾಳೆಯನ್ನು ಹಿಂದಿರುಗಿಸಲಾಗುವುದು.

ನನಗೆ ಬೇಕಾಗಿದ್ದದ್ದು ಇಪ್ಪತ್ತಮೂರನೆಯ ಕೀರ್ತನೆ, ಕುರುಬನ ಕೀರ್ತನೆ. ಆರೇ ವಚನ. ನನಗೆ ಎಪ್ಪತ್ತೆಂಟು ತುಂಬಿದೆ. ಇಂಥ ಗ್ರಂಥವನ್ನು ಬರೆಯುವ ಕಾಲ ಇನ್ನೊಮ್ಮೆ ಬಾರದು. ನನ್ನ ಕೈಯ ಕೊನೆಯ ಬರಹ ಅದಾಗಲಿ ಎಂಬ ಆಸೆಯನ್ನು ಯಾರೊಡನೆಯೂ ಆಡಿರಲಿಲ್ಲ. ಕಳೆದ ಮಳೆಗಾಲದಿಂದ ಬಲಗೈ ನಡುಗುತ್ತಿರುವುದನ್ನೂ ಯಾರೊಡನೆಯೂ ಆಡಿಲ್ಲ.

ಆ ಚೀಟಿ ದೇವಾಲಯದ ಕಸ ಗುಡಿಸುವ ಚಿಕ್ಕಬೋರಮ್ಮನ ಪಾಲಾಯಿತು. ಅವಳು ಬಾಗಿಲ ಬಳಿ ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿಕೊಳ್ಳುತ್ತಿದ್ದಳು.

೧೫ ಜನವರಿ, ಬುಧವಾರ

ಏಳನೆಯ ಅಧ್ಯಾಯವನ್ನು ಬೆಳಗ್ಗೆ ಕುಳಿತು ಆಮೂಲಾಗ್ರವಾಗಿ ಓದಿದೆ. ದೇವರ ಗುಡಾರದ ಪ್ರತಿಷ್ಠೆಗೆ ಇಸ್ರಾಯೇಲ್ಯರ ಹನ್ನೆರಡು ಕುಲಗಳ ಹನ್ನೆರಡು ನಾಯಕರು ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ. ಮೊದಲನೆಯ ದಿನ ನಹಶೋನನು ಒಂದು ಬೆಳ್ಳಿಯ ತಟ್ಟೆ, ಒಂದು ಬೆಳ್ಳಿಯ ಬಟ್ಟಲು, ಎರಡರ ತುಂಬ ಎಣ್ಣೆ ಬೆರೆಸಿದ ಹಿಟ್ಟು, ಧೂಪ ತುಂಬಿದ ಚಿನ್ನದ ಪಾತ್ರೆ, ಹೋರಿ, ಟಗರು, ಕುರಿಮರಿ ಇತ್ಯಾದಿಗಳನ್ನು ತರುತ್ತಾನೆ. ಎರಡನೆಯ ದಿನ ನೆತನೇಲನು ತರುವುದೂ ಅದನ್ನೇ, ಅಷ್ಟೇ ತೂಕದ್ದನ್ನೇ. ಮೂರನೆಯವನೂ ಅದನ್ನೇ. ಹೀಗೆ ಹನ್ನೆರಡನೆಯ ದಿನ ಬರುವ ಅಹೀರನವರೆಗೆ, ಒಂದು ಮಾತೂ ಬದಲಾಗದೆ, ಹನ್ನೆರಡು ಸಲ ಅದೇ ಪಟ್ಟಿ.

ಸಂಜೆ ಪಾಲಕರ ಮನೆಗೆ ಹೋಗಿ, ನಹಶೋನನ ಕಾಣಿಕೆಯನ್ನು ಪೂರ್ಣವಾಗಿ ಬರೆದು, ಉಳಿದ ಹನ್ನೊಂದು ಮಂದಿಯ ಹೆಸರುಗಳ ಮುಂದೆ ‘ಮೇಲಿನಂತೆ’ ಎಂದು ಬರೆಯಲು ಅನುಮತಿ ಕೇಳಿದೆ. ಮನೆಯೆಂದ ಮೇಲೆ ನಡುಮನೆಯೂ ಇರುತ್ತದೆ, ಸೌದೆಯ ಕೊಟ್ಟಿಗೆಯೂ ಇರುತ್ತದೆ. ಅತಿಥಿಯನ್ನು ಕೊಟ್ಟಿಗೆಯಲ್ಲಿ ಯಾರೂ ಕುಳ್ಳಿರಿಸುವುದಿಲ್ಲ. ಸತ್ಯವೇದಕ್ಕೂ ಈ ವಿವೇಕ ಸಲ್ಲಬೇಕು ಎಂದು ವಾದಿಸಿದೆ. ಅವರು ಬೆಳಕವಾಡಿಯವರು, ಮಾತು ಅಲ್ಲಿಯ ಹಳ್ಳಿಯ ಆಡುಭಾಷೆ. ಆಡಿದ ಮಾತು ಆಡಿದಂತೆಯೇ ಬರೆಯುವುದಕ್ಕೆ ಯೋಗ್ಯವಾಗಿರಲಿಲ್ಲವಾದ್ದರಿಂದ ತಿದ್ದಿ ಬರೆಯುತ್ತೇನೆ: “ಎಲ್ಲರೂ ತಮಗೆ ಪ್ರಿಯವಾದುದನ್ನೇ ಬರೆಯಲಾರಂಭಿಸಿದರೆ ಕುರುಬನ ಕೀರ್ತನೆಯ ನಲವತ್ತು ಪ್ರತಿಗಳು ದೊರೆಯುತ್ತವೆ, ಪಂಡಿತರೇ. ಅರಣ್ಯಕಾಂಡದ ಒಂದು ಪ್ರತಿಯೂ ದೊರೆಯುವುದಿಲ್ಲ.”

ಈ ಅಧ್ಯಾಯದ ಮೇಲೆ ತಾವು ಎಂದಾದರೂ ಭಾನುವಾರದ ಪ್ರಸಂಗ ಮಾಡಿದ್ದುಂಟೋ ಎಂದು ಕೇಳಿದೆ. ನಕ್ಕು, ಇಲ್ಲವೆಂದು ಒಪ್ಪಿಕೊಂಡರು. ಆದರೂ ಅನುಮತಿ ಕೊಡಲಿಲ್ಲ.

೧೯ ಜನವರಿ, ಭಾನುವಾರ

ಕಾರ್ಯ ಸಿದ್ಧಿಸಿತು.

ಎಲ್ಲರೂ ಹೋದ ಮೇಲೆ ಚಿಕ್ಕಬೋರಮ್ಮ ಬೆಂಚುಗಳ ನಡುವೆ ಗುಡಿಸುತ್ತಿದ್ದಳು. ನಾನು ಪರಿಶೀಲಕನ ಸ್ಥಾನದಿಂದ ಮಾತನಾಡಿದೆ. ಕೀರ್ತನೆಗಳಲ್ಲಿ ಅದು ಶಿರೋಮಣಿ. ಮುಂದಿನ ತಲೆಮಾರಿನವರು ಗ್ರಂಥವನ್ನು ತೆರೆದೊಡನೆ ನೋಡುವ ಪುಟವದು. ವಯಸ್ಕರ ಶಿಕ್ಷಣದ ತರಗತಿಯಲ್ಲಿ ಮೂರು ತಿಂಗಳು ಕಲಿತ ಕೈ ಅದನ್ನು ಬರೆಯುವುದು ಯುಕ್ತವಲ್ಲ. ನನ್ನ ಅಧ್ಯಾಯ ಉದ್ದವಾದರೂ ಹನ್ನೆರಡು ಸಲ ಒಂದೇ ವಿಷಯ, ತಪ್ಪಿದರೂ ಯಾರೂ ಅಲ್ಲಿಯವರೆಗೆ ಓದುವುದಿಲ್ಲ ಎಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಕೇಳಿಸಿಕೊಂಡಳು. ಅವಳ ಉತ್ತರವನ್ನೂ ತಿದ್ದಿಯೇ ಬರೆಯಬೇಕು: “ನನಗೆ ಅದು ಕಂಠಸ್ಥವಾಗಿದೆ, ಗುರುಗಳೇ. ತಾವೇ ತೆಗೆದುಕೊಳ್ಳಿ.” ಗಂಡ ತೀರಿಕೊಂಡ ವರ್ಷ ಕೇಳಿ ಕೇಳಿ ಬಾಯಿಗೆ ಬಂದದ್ದಂತೆ. ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಕೊಟ್ಟಳು. ನಾನು ನನ್ನದನ್ನೂ, ಹದಿನಾರು ಪುಟಗಳ ಖಾಲಿ ಕಂತೆಯನ್ನೂ ಕೊಟ್ಟೆ. ಕಂತೆಯ ದಪ್ಪವನ್ನು ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

ಇದರಲ್ಲಿ ಅನ್ಯಾಯವೇನೂ ಇಲ್ಲ. ಗ್ರಂಥದ ಹಿತವನ್ನೇ ನೋಡಿದ್ದೇನೆ.

೨೭ ಜನವರಿ, ಸೋಮವಾರ

ಬಿಡಿಹಾಳೆಯಲ್ಲಿ ಮೊದಲ ವಚನವನ್ನು ಬರೆದು ನೋಡಿದೆ. ಮೇಜು ಸಮವಾಗಿಲ್ಲ. ಕಾಲಿಗೆ ಕಾಗದ ಮಡಿಸಿ ಇರಿಸಿದ ಮೇಲೆ ಎರಡನೆಯ ಸಲ ಬರೆದೆ. ಶಾಯಿ ತೆಳು. ಮೂರನೆಯ ಸಲ ಬರೆಯುವಾಗ ಸೊಸೆ ಶೋಭಿತಾ ಶಾಲೆಯಿಂದ ಬಂದಳು. ಅವಳು ಮಂಡ್ಯದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಹಾಳೆಗಳನ್ನು ದಿನಪತ್ರಿಕೆಯ ಕೆಳಗೆ ಸರಿಸಿದೆ. ಅವಳು ಏನೂ ಕೇಳಲಿಲ್ಲ. ಕಾಫಿ ತಂದಿಟ್ಟಳು. ಈಚೆಗೆ ಲೋಟವನ್ನು ಅರ್ಧವೇ ತುಂಬಿಸುತ್ತಾಳೆ. ಏಕೆಂದು ನಾನೂ ಕೇಳಿಲ್ಲ.

೬ ಫೆಬ್ರವರಿ, ಗುರುವಾರ

ಮಧ್ಯಾಹ್ನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಕಣ್ಣು ಹತ್ತಿತು.

ಮದ್ದೂರಿನ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಬರುತ್ತಿದ್ದವು. ಆರು ಗಾಡಿಗಳಿಗೆ ಮಾತ್ರ ಕಮಾನು ಕಟ್ಟಿತ್ತು. ಎತ್ತುಗಳ ಕೊರಳ ಗಂಟೆ ನೀರಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಕೆರೆಯ ಏರಿಯ ಮೇಲೆ ಮೇಜು ಹಾಕಿಕೊಂಡು ನಾನು ಕುಳಿತಿದ್ದೆ; ಬಂದವರ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಮೊದಲನೆಯ ನಾಯಕ ಇಳಿದು ಬಂದ. ಆತಗೂರಿನ ಕಡೆಯ ಗೌಡರಂತೆ ಬಿಳಿಯ ಪಂಚೆ, ರುಮಾಲು. ತಟ್ಟೆಯನ್ನು ಇಟ್ಟ. ಬರೆದುಕೊಂಡೆ. ಎರಡನೆಯವನು ಬಂದ. ಅವನದೂ ಅದೇ ತಟ್ಟೆ. ‘ಮೇಲಿನಂತೆ’ ಎಂದು ಬರೆದು, ಮುಂದಿನವರು ಬರಲಿ ಎಂದೆ. ಅವನು ಕದಲಲಿಲ್ಲ. ಸಿಟ್ಟಾಗದೆ ತಟ್ಟೆಯನ್ನು ಎರಡು ಕೈಗಳಲ್ಲಿ ಹಿಡಿದು ನಿಂತ. ಅವನ ಹಿಂದೆ ಉಳಿದವರು ನಿಂತರು, ಅವರ ಹಿಂದೆ ಗಾಡಿಗಳು, ಗಾಡಿಗಳ ಹಿಂದೆ ಬಸ್ಸುಗಳು. ಬಿಸಿಲು ಕಬ್ಬಿನ ಗರಿಗಳ ಮೇಲೆ ಬೆಳ್ಳಗೆ ಕಾಯುತ್ತಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಎಚ್ಚರವಾದಾಗ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು, ಬೇರೆ ಯಾರದೋ ಕೈಯಂತೆ.

೧೬ ಫೆಬ್ರವರಿ, ಭಾನುವಾರ

ಪಾಲಕರ ಮೋಟಾರು ಸೈಕಲ್ಲಿನಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದೆ. ನಮ್ಮ ಸಭೆಯ ಮರಿಸಿದ್ದಯ್ಯ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ನಡೆಯಲಾರ. ಅವನ ಹಾಳೆಗಳನ್ನು ತರಬೇಕಾಗಿತ್ತು.

ಅವನಿಗೆ ಬಂದದ್ದು ಅರಣ್ಯಕಾಂಡದ ಮೂವತ್ತಮೂರು; ಇಸ್ರಾಯೇಲ್ಯರು ಎಲ್ಲಿಂದ ಹೊರಟು ಎಲ್ಲಿ ಇಳಿದುಕೊಂಡರೆಂಬ ಪಟ್ಟಿ. ಬೇಸರವಾಗಲಿಲ್ಲವೇ ಎಂದೆ. ಬಸ್ಸಿನ ಬೋರ್ಡು ಓದಿದಂತೆ ಆಯಿತು, ನಲವತ್ತು ವರ್ಷ ಬಸ್ಸಿನಲ್ಲೇ ಇದ್ದವನಿಗೆ ಅದರಲ್ಲಿ ಬೇಸರವೇನು ಎಂದ. ಅವನು ನಿರ್ವಾಹಕನಾಗಿದ್ದವನು. ಅಕ್ಷರ ಅಡ್ಡಾದಿಡ್ಡಿ, ಆದರೆ ಒಂದು ನಿಲ್ದಾಣವನ್ನೂ ಬಿಟ್ಟಿಲ್ಲ.

ಮನೆಯ ಮುಂದಿನ ಹುಣಸೆಯ ಮರದ ತುಂಬ ಕೊಕ್ಕರೆಗಳು. ಒಂದು ಹಾರಿ ಬಂದು ಕಡ್ಡಿ ಇಡುತ್ತದೆ, ಹಾರಿ ಹೋಗುತ್ತದೆ. ಇನ್ನೊಂದು ಬಂದು ಕಡ್ಡಿ ಇಡುತ್ತದೆ. ರೆಕ್ಕೆಯ ತುದಿಯ ತಿಳಿಗೆಂಪು ಬಿಸಿಲಿನಲ್ಲಿ ಕರಗಿದಂತೆ ಕಾಣುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವಲ್ಲ, ನಿನಗೆ ಗುರುತು ಸಿಗುತ್ತದೆಯೇ ಎಂದು ಮರಿಸಿದ್ದಯ್ಯನನ್ನು ಕೇಳಿದೆ.

“ನಿಮ್ಗೆ ಕಾಣ್ತವೆ ಬುಡಿ ಮೇಷ್ಟ್ರೇ,” ಎಂದ. “ಅಗೋ, ಆ ಕವಲ್ನಲ್ಲಿರೋದು ಓದ್ ವರ್ಸ ಬಿದ್ದೋಗಿತ್ತು. ನಮ್ ಮಗ್ಳು ಎತ್ತಿ ಮಡಗಿದ್ಲು.”

ಎಲ್ಲರ ಹಾಳೆಗಳೂ ಬರುತ್ತಿವೆ. ನನ್ನದು ಇನ್ನೂ ಬಿಳಿಯಾಗಿಯೇ ಇದೆ. ಮಾರ್ಚಿ ಹದಿನೇಳರಂದು ಎಲ್ಲವೂ ಮಂಡ್ಯದ ರಟ್ಟುಕಟ್ಟುವವರ ಕೈ ಸೇರಬೇಕು.

೨೩ ಫೆಬ್ರವರಿ, ಭಾನುವಾರ

ಚಿಕ್ಕಬೋರಮ್ಮ ತನ್ನ ಕಂತೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದು ಒಪ್ಪಿಸಿದಳು. ಇಷ್ಟು ಬೇಗ ಮುಗಿಯಿತೇ ಎಂದೆ.

“ದಿನಕ್ ಒಬ್ಬಂದು ಬರ್ದೆ ಮೇಷ್ಟ್ರೇ. ಅದ್ರಲ್ಲೂ ಅಂಗೇ ಅಲ್ವಾ, ದಿನಕ್ ಒಬ್ಬ ಬರಾದು? ಮೊದಲ್ನೇವ್ನು ಬಾಳಾ ಕಷ್ಟ ಕೊಟ್ಟ. ಆಮೇಲಾಮೇಲೆ ಅವ್ರೇ ಬಂದು ಕೂತ್ಕಂಡ್ರು.”

ನಾಳೆ ನೋಡಬೇಕು.

೨೪ ಫೆಬ್ರವರಿ, ಸೋಮವಾರ

ಇಂದು ನಾನು ಮಾಡಿದ್ದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಊಟವಾದ ಮೇಲೆ ಆಕೆಯ ಕಂತೆಯನ್ನು ತೆರೆದು ಕುಳಿತೆ. ಪಕ್ಕದ ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬೀಸಣಿಗೆ ತಿರುಗುತ್ತಿತ್ತು. ಮೊದಲ ಪುಟ ಘೋರವಾಗಿತ್ತು. ಒತ್ತು ಎಲ್ಲಿಯೋ, ದೀರ್ಘ ಎಲ್ಲಿಯೋ, ಸಾಲುಗಳು ಬೆಟ್ಟ ಹತ್ತಿ ಇಳಿಯುತ್ತಿದ್ದವು. ಮಗ್ಗಿಯ ರಾಗ ತೂಗಿದಂತೆ ನಾನೂ ತೂಗುತ್ತಿದ್ದೆನೆಂದು ತೋರುತ್ತದೆ. ಎಷ್ಟೋ ವರ್ಷಗಳ ಹಿಂದಿನ ಒಂದು ಮಧ್ಯಾಹ್ನದಲ್ಲಿದ್ದೆ. ಮೇಜಿನ ಮೇಲೆ ಹತ್ತನೆಯ ತರಗತಿಯ ಉತ್ತರಪತ್ರಿಕೆಗಳು. ಗಂಟೆ ಹೊಡೆಯುವುದರೊಳಗೆ ಮುಗಿಸಬೇಕು. ಕೈ ತನ್ನ ಕೆಲಸವನ್ನು ತಾನೇ ಮಾಡುತ್ತಿತ್ತು. ಪುಟ ತಿರುವುತ್ತಿದ್ದೆ, ಗುರುತು ಹಾಕುತ್ತಿದ್ದೆ, ಪುಟ ತಿರುವುತ್ತಿದ್ದೆ.

ಎಂಟು ಪುಟಗಳಾದ ಮೇಲೆ ಗುರುತು ಹಾಕಲು ಏನೂ ಸಿಗದೆ ಲೇಖನಿ ನಿಂತಿತು. ಆಗ ಎಚ್ಚರವಾಯಿತು. ನನ್ನ ಕೈಯಲ್ಲಿದ್ದದ್ದು ಕೆಂಪು ಶಾಯಿಯ ಲೇಖನಿ. ಮುಂದಿದ್ದದ್ದು ಸತ್ಯವೇದದ ಹಾಳೆ. ದೋಷಗಳನ್ನು ಬೇರೆ ಕಾಗದದಲ್ಲಿ ಬರೆದುಕೊಡಬೇಕೆಂಬುದು ನಾನೇ ಮಾಡಿದ ನಿಯಮ. ಎಂಟು ಪುಟಗಳ ಮೇಲೆ ಅಡ್ಡಗೆರೆಗಳನ್ನೂ ಸುತ್ತುಗಳನ್ನೂ ಎಳೆದಿದ್ದೇನೆ. ಮೊದಲ ಪುಟದ ಕೆಳಗೆ ಅಂಕವನ್ನೂ ಹಾಕಿದ್ದೇನೆ. ಹತ್ತಕ್ಕೆ ಎರಡು.

೨೭ ಫೆಬ್ರವರಿ, ಗುರುವಾರ

ಬಸ್ಸಿನಲ್ಲಿ ಮಂಡ್ಯಕ್ಕೆ ಹೋದೆ. ರಟ್ಟುಕಟ್ಟುವ ನಯಾಜ್ ಪಾಷಾ ಅವರ ಅಂಗಡಿ ಪೇಟೆ ಬೀದಿಯ ಒಳಗಿನ ಒಂದು ಸಂದಿಯಲ್ಲಿದೆ. ಮೊದಲ ಎಂಟು ಪುಟಗಳನ್ನು ಮಾತ್ರ ತೆಗೆದು, ಹೊಸದಾಗಿ ಬರೆಸಿದ ಹಾಳೆಗಳನ್ನು ಸೇರಿಸಬಹುದೇ ಎಂದು ಕೇಳಿದೆ. ಏಕೆ ತೆಗೆಯಬೇಕೆಂಬುದನ್ನು ಹೇಳಲಿಲ್ಲ. ಕಂತೆ ತೆರೆದೊಡನೆ ಅವರಿಗೇ ತಿಳಿಯಿತು.

ಅವರು ಕಂತೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ತೋರಿಸಿದರು. ನಾಲ್ಕು ದೊಡ್ಡ ಹಾಳೆಗಳನ್ನು ಒಂದರೊಳಗೊಂದಿಟ್ಟು ಮಡಿಸಿದ್ದು. ಹೊರಗಿನ ಹಾಳೆಯ ಬಲಭಾಗ ಮೊದಲ ಪುಟವಾದರೆ, ಎಡಭಾಗ ಹದಿನಾರನೆಯದು.

“ನೋಡಿ ಸಾರ್, ಇದೂ ಅದೂ ಒಂದೇ ಹಾಳೆ. ಇದ್ನ ಕಿತ್ರೆ ಅದೂ ಬರ್ತದೆ. ಕತ್ರಿಸಿ ಗೋಂದು ಹಾಕ್ಬಹುದು, ಆದ್ರೆ ನಿಲ್ಲಲ್ಲ. ನಾಲ್ಕು ಮಳೆಗಾಲ ಆದ್ಮೇಲೆ ಉದುರಿ ಹೋಗ್ತದೆ.”

ಮೇಜಿನ ಮೇಲೆ ಎರಡೂ ಪುಟಗಳು ಅಕ್ಕಪಕ್ಕದಲ್ಲಿದ್ದವು. ಹದಿನಾರನೆಯದನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅಹೀರನ ಕಾಣಿಕೆ ಅದರಲ್ಲಿತ್ತು. ಅಕ್ಷರಗಳು ಹೊಸದಾಗಿ ಕುಟ್ಟಿದ ಅಕ್ಕಿಯಂತೆ ಬಿಡಿಬಿಡಿಯಾಗಿ, ತುಂಬಿಕೊಂಡಿದ್ದವು. ಸಾಲು ಬಾಗಿಲ್ಲ. ಇವೂ ಅವೇ ಮಾತುಗಳು, ಬರೆದದ್ದು ಅದೇ ಕೈ. ಮೂವತ್ತೆಂಟು ವರ್ಷಗಳಲ್ಲಿ ಒಂದೇ ಹಾಳೆಯ ಎರಡು ಬದಿಗಳಲ್ಲಿ ಇಷ್ಟು ದೂರ ನಡೆದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಅಂಗಡಿಯಲ್ಲಿ ಅಂಟಿನ ವಾಸನೆ ಮಂಪರು ತರಿಸುವಂತಿತ್ತು. ನಯಾಜ್ ಪಾಷಾ ಚಹ ತರಿಸಿದರು. ಲೋಟವನ್ನು ಎತ್ತಲಿಲ್ಲ. ಆರಿಹೋಯಿತು.

೨ ಮಾರ್ಚಿ, ಭಾನುವಾರ

ಆರಾಧನೆಯ ನಂತರ ದೇವಾಲಯದ ಹಿಂದಿನ ಹೊಂಗೆಯ ಮರದ ಕೆಳಗೆ ಆಕೆಯನ್ನು ಕಂಡು, ಕಂತೆಯನ್ನು ಬಿಚ್ಚಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಕ್ಷಮೆ ಕೇಳಿದೆ. ಹೇಗೆ ಕೇಳಿದೆನೋ ನೆನಪಿಲ್ಲ, ವಾಕ್ಯ ಪೂರ್ತಿಯಾಗಲಿಲ್ಲ.

ಆಕೆ ಕಲ್ಲಿನ ಮೇಲೆ ಕುಳಿತು ಪುಟಗಳನ್ನು ಒಂದೊಂದಾಗಿ ತಿರುವಿದರು. ಕೆಂಪು ಗುರುತೆಲ್ಲ ತಪ್ಪೇ ಎಂದು ಕೇಳಿದರು. ಹೌದೆಂದೆ. “ಬರಬರ್ತಾ ಕಮ್ಮಿ ಆಗವಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಒಂದು ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಅದರ ಉದ್ದಕ್ಕೂ ಬೆರಳನ್ನು ಮೆಲ್ಲಗೆ ಎಳೆದರು. ಇನ್ನೊಂದರ ಮೇಲೂ ಎಳೆದರು. ಗೆರೆ ಹಾವಿನ ಜಾಡಿನಂತಿತ್ತು.

“ಮೇಷ್ಟ್ರೇ, ನಿಮ್ ಕೈ ನಡುಗ್ತಾ ಅದೆ. ಯಾವಾಗ್ನಿಂದ?”

ಹೊಂಗೆಯ ನೆರಳು ನೆಲದ ಮೇಲೆ ಅಲುಗುತ್ತಿತ್ತು. ಕಳೆದ ಮಳೆಗಾಲದಿಂದ ಎಂದೆ. ಆಸ್ಪತ್ರೆಗೆ ತೋರಿಸಿದಿರಾ, ಸೊಸೆಗೆ ಹೇಳಿದಿರಾ ಎಂದು ಕೇಳಿದರು. ಎರಡಕ್ಕೂ ಇಲ್ಲವೆಂದೆ. ಬೈಯಲಿಲ್ಲ.

ಮತ್ತೆ ನಾನೇ ಮಾತು ತೆಗೆದು, ಹನ್ನೆರಡು ಸಲ ಅದನ್ನೇ ಬರೆಯುವಾಗ ಬೇಸರವಾಗಲಿಲ್ಲವೇ ಎಂದು ಕೇಳಿದೆ.

“ಬ್ಯಾಸ್ರ ಯಾಕಾದದು? ಅನ್ನೆಲ್ಡ್ನೇವ್ನು ಪಾಪ ಅಷ್ಟು ದಿನ ಕಾಯ್ಕಂಡು ನಿಂತಿದ್ದ. ಅವ್ನೂ ಮನೇಲಿ ತಟ್ಟೆ ತೊಳ್ದು, ಹಿಟ್ಟು ಕಲ್ಸಿ, ಎತ್ಕಬಂದಿರ್ತಾನೆ. ಅವ್ನ ಸರ್ದಿ ಬಂದಾಗ, ‘ಅದೇ ತಾನೇ, ಮಡಗ್ಬುಟ್ಟು ಓಗು’ ಅಂದ್ಬುಟ್ರೆ ಅವ್ನ ಮನ್ಸಿಗೆ ಎಂಗಾಗಕಿಲ್ಲ? ದೇವ್ರು ಅನ್ನೆಲ್ಡು ಸಲ್ವೂ ಪೂರ್ತಿ ಕೇಳ್ಕಂಡವ್ನೆ. ನಂಗೇನು, ಬರಿಯಾಕೆ?”

ಕಂತೆಯನ್ನು ಮತ್ತೆ ಜೋಡಿಸಿಟ್ಟೆ.

ಕುರುಬನ ಕೀರ್ತನೆಯ ಖಾಲಿ ಹಾಳೆಯನ್ನು ಅವರ ಮುಂದಿಟ್ಟು, ಇದು ನಿಮಗೆ ಬಂದದ್ದು, ಈಗ ನಿಮ್ಮ ಕೈಯೇ ನನ್ನದಕ್ಕಿಂತ ಚೆನ್ನಾಗಿದೆ, ನೀವೇ ಬರೆಯಿರಿ ಎಂದೆ. ತೆಗೆದುಕೊಳ್ಳಲಿಲ್ಲ.

“ಕೊಟ್ಟದ್ದ ಈಸ್ಕಳಾಕಾದದ? ನಿಮ್ಗೂ ಆಸೆ ಇತ್ತಲ್ಲ, ಮಖದಲ್ಲೇ ಕಾಣ್ತಿತ್ತು ಅವತ್ತು. ನೀವೇ ಬರೀರಿ ಮೇಷ್ಟ್ರೇ. ಒಂದೇ ಏಟ್ಗೆ ಬ್ಯಾಡ. ದಿನಕ್ ಒಂದು.”

ಕೆಂಪು ಗುರುತುಗಳ ಗತಿಯೇನು ಎಂದೆ.

“ಇರ್ಲಿ ಬುಡಿ. ಎಲ್ಲಿಂದ ಸುರು ಮಾಡ್ದೆ ಅಂತ ಮೊಮ್ಮಕ್ಳಿಗೆ ಗೊತ್ತಾಗ್ಲಿ.”

ಪಾಲಕರಿಗೂ ತಿಳಿಸಿದೆ. ಅವರು ಹದಿನಾರು ಪುಟಗಳನ್ನೂ ನಿಂತಲ್ಲೇ ಓದಿದರು. ಅಷ್ಟು ಹೊತ್ತೂ ನಾನು ಕಾದಿದ್ದೆ. ಮುಂದಿನ ವಾರದ ಪ್ರಸಂಗಕ್ಕೆ ಇದನ್ನೇ ತೆಗೆದುಕೊಳ್ಳುತ್ತೇನೆ ಎಂದರು.

೧೦ ಮಾರ್ಚಿ, ಸೋಮವಾರ

ಶೋಭಿತಾಳಿಗೆ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ. ನಾನು ಹೇಳಲಿ ಎಂದು ಕಾಯುತ್ತಿದ್ದಳಂತೆ. ಶನಿವಾರ ಬೆಳಗ್ಗೆ ಆಸ್ಪತ್ರೆಗೆ ಹೋಗುವುದೆಂದಾಯಿತು.

೧೧ ಮಾರ್ಚಿ, ಮಂಗಳವಾರ

ಒಂದನೆಯ ವಚನ. ಬೆಳಗಿನ ಬಿಸಿಲು ಹಾಳೆಯ ಮೇಲೆ ಬಂದು ಹೋಗುವಷ್ಟು ಹೊತ್ತು ಹಿಡಿಯಿತು. ಅಕ್ಷರಗಳು ಚೆನ್ನಾಗಿಲ್ಲ.

೧೨ ಮಾರ್ಚಿ, ಬುಧವಾರ

ಎರಡನೆಯದು. ಹುಲ್ಲುಗಾವಲು, ತಿಳಿನೀರು. ನಡುವೆ ಲೇಖನಿ ಇಟ್ಟು ಕಿಟಕಿಯಿಂದ ಹೊರಗೆ ನೋಡಿದೆ. ಯಾರದೋ ಎಮ್ಮೆ ಬೇಲಿಯ ಹಸಿರನ್ನು ಮೇಯುತ್ತಿತ್ತು. ಅದು ಮೇದು ಮುಗಿಸಿದ ಮೇಲೆ ನಾನೂ ಮುಗಿಸಿದೆ.

೧೩ ಮಾರ್ಚಿ, ಗುರುವಾರ

ಮೂರನೆಯದು. ಕೈ ಹೆಚ್ಚು ನಡುಗಿತು. ಕಾದೆ.

೧೪ ಮಾರ್ಚಿ, ಶುಕ್ರವಾರ

ನಾಲ್ಕನೆಯದು, ಕತ್ತಲೆಯ ಕಣಿವೆಯದು. ಹೊಸ ಪುಟ. ಸಾಲಿನ ಮೊದಲ ಅಕ್ಷರ ಜಾರಿ ಎಡದ ಅಂಚಿನೊಳಕ್ಕೆ ಹೋಗಿಬಿಟ್ಟಿತು. ಅಲ್ಲಿಂದಲೇ ಮುಂದುವರಿಸಿದೆ. ಚಿಕ್ಕಬೋರಮ್ಮನವರು ಸೊಪ್ಪು ಕೊಟ್ಟು ಹೋಗಲು ಬಂದವರು ಬಾಗಿಲಲ್ಲೇ ನಿಂತು, ನಾನು ಬರೆಯುತ್ತಿದ್ದ ವಚನವನ್ನು ತಮ್ಮ ಬಾಯಲ್ಲಿ ಬಂದಂತೆ ಹೇಳಿದರು. ಮುದ್ರಿತ ಪಾಠದಲ್ಲಿರುವ ಪದಗಳು ಅರ್ಧವೂ ಇರಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳಿದೆ.

೧೫ ಮಾರ್ಚಿ, ಶನಿವಾರ

ಬೆಳಗ್ಗೆ ಆಸ್ಪತ್ರೆ. ನಡುಕ ಹೋಗುವುದಿಲ್ಲವಂತೆ, ಮಾತ್ರೆಯಿಂದ ಸ್ವಲ್ಪ ತಗ್ಗಬಹುದಂತೆ. ಮನೆಗೆ ಬಂದು ಐದನೆಯ ವಚನ ಬರೆದೆ. ಶೋಭಿತಾ ಕಾಫಿಯನ್ನು ಅರ್ಧ ಲೋಟ ತಂದಳು. ಪೂರ್ತಿ ತಾ, ಚೆಲ್ಲಿದರೆ ಒರೆಸೋಣ ಎಂದೆ. ಚೆಲ್ಲಿತು. ಒರೆಸಿದೆವು.

೧೭ ಮಾರ್ಚಿ, ಸೋಮವಾರ

ಬೆಳಕು ಹರಿಯುವಾಗ ಆರನೆಯ ವಚನ ಮುಗಿಯಿತು. ಹತ್ತು ಗಂಟೆಯ ಬಸ್ಸಿಗೆ ಪಾಲಕರೂ ನಾನೂ ಎಪ್ಪತ್ತೇಳು ಅಧ್ಯಾಯಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಮಂಡ್ಯಕ್ಕೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ಮೇಲೆ ತೆಳುವಾದ ಹೊಗೆ ನಿಂತಿತ್ತು. ಚೀಲ ನನ್ನ ಮಡಿಲಲ್ಲಿತ್ತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ, ಅದರೊಳಗಿನವರೆಲ್ಲ ಮೆಲ್ಲಗೆ ಮಾತನಾಡಿಕೊಳ್ಳುತ್ತಿದ್ದಾರೆ ಎನ್ನಿಸಿತು. ಅರಣ್ಯಕಾಂಡದ ಆರಂಭದ ಜನಗಣತಿಯವರು, ನಿಲ್ದಾಣಗಳವರು, ತಟ್ಟೆ ಹಿಡಿದವರು, ಕುರುಬನೂ ಅವರ ನಡುವೆ ಎಲ್ಲಿಯೋ.

ನಯಾಜ್ ಪಾಷಾ ಹಾಳೆಗಳನ್ನು ಒಂದೊಂದಾಗಿ ಎಣಿಸಿ ಇಟ್ಟುಕೊಳ್ಳುತ್ತ ಬಂದರು. ಚಿಕ್ಕಬೋರಮ್ಮನವರ ಕಂತೆಯನ್ನು ಗುರುತಿಸಿ, ಏನೂ ಕೇಳದೆ ಅದರ ಸ್ಥಾನದಲ್ಲಿ ಇಟ್ಟರು. ಇಪ್ಪತ್ತಮೂರನೆಯ ಕೀರ್ತನೆ ಬಂದಾಗ ಕೈ ನಿಂತಿತು. ಬೆಳಕಿಗೆ ಹಿಡಿದು ನೋಡಿದರು.

“ಇದು ಯಾರ್ದು ಸಾರ್? ಗೆರೆ ಎಲ್ಲಾ ಅಲ್ಲಾಡಿದೆ. ನೋಡಿ, ಇಲ್ಲಿ ಅಕ್ಷರ ಹೊಲಿಗೆ ಜಾಗಕ್ಕೇ ಬಂದ್ಬಿಟ್ಟಿದೆ. ಹೊಸ ಹಾಳೆ ಕೊಡ್ತೀನಿ, ಗುರುವಾರದ ತನಕ ಸಮಯ ಇದೆ. ಚೆನ್ನಾಗಿ ಬರೆಯೋರ ಹತ್ರ ಬರೆಸ್ಕೊಂಡ್ ಬನ್ನಿ. ಇದು ಎಲ್ಲಾರೂ ಓದೋ ಪುಟ ಅಂತೀರಲ್ಲ.”

ಪಾಲಕರು, ಅದು ನಮ್ಮ ಸಭೆಯ ಹಿರಿಯರೊಬ್ಬರದು ಎಂದು ಆರಂಭಿಸಿ, ಬೀದಿಯ ಕಡೆ ನೋಡತೊಡಗಿದರು.

ನನ್ನದು ಎಂದೆ.

ನಯಾಜ್ ಪಾಷಾ ನನ್ನ ಮುಖವನ್ನು ನೋಡಿದರು, ಕೈಯನ್ನೂ ನೋಡಿದರು. ಹೊಸ ಹಾಳೆ ಆಗಲೇ ಮೇಜಿನ ಮೇಲಿತ್ತು. ಒಳ್ಳೆಯ ಹಾಳೆ; ಒಂದು ಕಲೆಯಿಲ್ಲ. ಮದ್ದೂರಿನ ಸಭೆಯಲ್ಲಿ ಮುತ್ತಿನಂಥ ಅಕ್ಷರ ಬರೆಯುವವರಿದ್ದಾರೆ. ಕೇಳಿದರೆ ಒಂದು ಗಂಟೆಯೊಳಗೆ ಬರೆದುಕೊಡುತ್ತಾರೆ. ಆ ಹೊಸ ಹಾಳೆಯನ್ನು ನಯಾಜ್ ಪಾಷಾ ಅವರ ಕಡೆಗೆ ಹಿಂದಕ್ಕೆ ಸರಿಸಿದೆ.

“ಇದನ್ನೇ ಹೊಲಿಯಿರಿ.”

“ದಾರ ಅಕ್ಷರದ ಮೇಲೇ ಹೋಗ್ತದೆ ಸಾರ್.”

ಹೋಗಲಿ ಎಂದೆ.

ಅವರು ಇಪ್ಪತ್ತೆರಡನೆಯದರ ಮೇಲೆ ಇಪ್ಪತ್ತಮೂರನೆಯದನ್ನು ಇಟ್ಟು, ಸೂಜಿಗೆ ದಾರ ಪೋಣಿಸಿ, ಅಂಚು ಜಾರದಂತೆ ಹಿಡಿದುಕೊಳ್ಳಿ ಎಂದರು. ಎರಡೂ ಕೈಗಳಿಂದ ಹಿಡಿದೆ. ಹಾಳೆ ನಡುಗಿತು. ಅವರು ಸೂಜಿಯನ್ನು ಗಾಳಿಯಲ್ಲಿ ನಿಲ್ಲಿಸಿ ಸುಮ್ಮನೆ ಕುಳಿತರು. ನಡುಕ ಕಡಿಮೆಯಾದಾಗ ಒಂದು ಹೊಲಿಗೆ ಹಾಕಿದರು. ಮತ್ತೆ ನಡುಗಿತು. ಮತ್ತೆ ಕಾದರು.